ವಕೀಟಾ: ಶಿರಿಯದ ಅಳಿವೆಯಲ್ಲಿ ಕೂತು ಓದಿದ ಒಂದು ಪ್ರಕರಣ

ಮೊದಲು ನಮ್ಮೂರಿನ ಬಲೆಯಿಂದಲೇ ಶುರು ಮಾಡುತ್ತೇನೆ.

ಒಂದು ಡಿಸೆಂಬರ್ ಬೆಳಗ್ಗೆ. ಶಿರಿಯ ಹೊಳೆ ಕಡಲು ಸೇರುವ ಅಳಿವೆಯ ಹತ್ತಿರ ಮಾವನ ನಾಡದೋಣಿ ದಡಕ್ಕೆ ಬಂದಿತ್ತು. ನಾಲ್ಕು ಜನ ಮರಳಿನ ಮೇಲೆ ಕೂತು ಕಂತಬಲೆ ಬಿಡಿಸುತ್ತಿದ್ದರು. ಒಂದಿಷ್ಟು ಬಂಗುಡೆ, ಎರಡು ಸಣ್ಣ ಅಂಜಲ್. ಬಲೆಯ ನಡುವೆ ಬೂದಿ ಬಣ್ಣದ, ನನ್ನ ಹೆಗಲೆತ್ತರಕ್ಕಿಂತ ಸ್ವಲ್ಪ ಉದ್ದದ ಒಂದು ಪ್ರಾಣಿ ಮಲಗಿತ್ತು. ಡಾಲ್ಫಿನ್‌ಗೆ ಇರುವ ಹಾಗೆ ಉದ್ದ ಮೂತಿ ಇಲ್ಲ, ತಲೆ ದುಂಡಗೆ. ಬೆನ್ನಿನ ಮೇಲೆ ರೆಕ್ಕೆಯೂ ಇಲ್ಲ. ಕೈಯಾಡಿಸಿದರೆ ಬೆನ್ನ ಉದ್ದಕ್ಕೂ ಸಣ್ಣ ಸಣ್ಣ ಗುಳ್ಳೆಗಳ ಸಾಲು ಕೈಗೆ ತಾಗಿತು. ಪಕ್ಕದ ಈಜುರೆಕ್ಕೆಯ ಬುಡದಲ್ಲಿ ನೈಲಾನ್ ದಾರ ಕುಯ್ದ ಗೆರೆ. ಬೇರೆಲ್ಲೂ ಗಾಯ ಇರಲಿಲ್ಲ.

"ಇದೇನು ಮಾವ, ಡಾಲ್ಫಿನ್ನಾ?"

"ಕಡಲಹಂದಿ ಮಾರಾಯ್ತಿ. ಬಲೆಗೆ ಬಿದ್ದು ಉಸಿರು ಕಟ್ಟಿದೆ ಪಾಪ. ನೀನು ಫೋಟೋ ತೆಗೀಬೇಡ."

ಫೋಟೋ ಯಾಕೆ ಬೇಡ ಎಂದು ನಾನು ಕೇಳಲಿಲ್ಲ. ಗೊತ್ತಿತ್ತು. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಬಂದ ಮೇಲೆ ತಿಮಿಂಗಿಲ, ಡಾಲ್ಫಿನ್, ಕಡಲಹಂದಿ ಎಲ್ಲವೂ ಮೊದಲ ಅನುಸೂಚಿಯಲ್ಲಿವೆ. ಹುಲಿ, ಆನೆ ಇರುವ ಪಟ್ಟಿ ಅದು. ಬೇಕೆಂದು ಹಿಡಿದದ್ದಲ್ಲ ಎಂದು ಯಾರ ಹತ್ತಿರ ಹೇಳುವುದು? ಇಬ್ಬರು ಅದನ್ನು ಎತ್ತಿ ದೋಣಿಗೆ ಹಾಕಿದರು. ಸ್ವಲ್ಪ ಹೊತ್ತಿನ ಮೇಲೆ ದೋಣಿ ಖಾಲಿಯಾಗಿ ವಾಪಸ್ ಬಂತು. ಅವತ್ತು ಒಂದು ಜೀವ ಹೋದದ್ದು ಯಾವ ಪುಸ್ತಕದಲ್ಲೂ ಬರೆದಿಲ್ಲ.

ನಾನು ಕುಂಬಳೆ ಕಡೆಯ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ವಿಜ್ಞಾನ ಪಾಠ ಮಾಡುವವಳು. ಆ ಪ್ರಾಣಿಯ ಬಗ್ಗೆ ಹುಡುಕುತ್ತಾ ಹೋದಾಗ ಅದಕ್ಕೊಂದು ನೆಂಟ ಸಿಕ್ಕಿತು. ಒಂದೇ ಕುಟುಂಬದ ಜೀವ, ಹೆಚ್ಚುಕಡಿಮೆ ಅಷ್ಟೇ ಉದ್ದ, ಅದೇ ದುಂಡು ಮುಖ. ಸಾಯುತ್ತಿರುವುದೂ ಅದೇ ರೀತಿಯ ಬಲೆಯಲ್ಲಿ. ಇರುವುದು ಮಾತ್ರ ಭೂಮಿಯ ಆಚೆ ಬದಿಯಲ್ಲಿ, ಮೆಕ್ಸಿಕೋದ ಕಡಲಿನಲ್ಲಿ. ಹೆಸರು ವಕೀಟಾ. ಸ್ಪ್ಯಾನಿಷ್ ಭಾಷೆಯಲ್ಲಿ ಪುಟ್ಟ ಹಸು ಎಂದರ್ಥ. ಲೋಕದಲ್ಲಿ ಈಗ ಎಲ್ಲಕ್ಕಿಂತ ಕಮ್ಮಿ ಉಳಿದಿರುವ ಕಡಲ ಸಸ್ತನಿ ಅದೇ. ಅದರ ಪ್ರಕರಣವನ್ನು ನಮ್ಮ ಕರಾವಳಿಯವರು ಪೂರ್ತಿ ತಿಳಿದುಕೊಳ್ಳಬೇಕು ಅನಿಸಿತು. ಅಲ್ಲಿ ಯಾರೂ ಕೆಟ್ಟವರಾಗಿ ಹೊರಟವರಲ್ಲ. ಕಾನೂನು ಇತ್ತು, ದುಡ್ಡು ಖರ್ಚಾಯಿತು, ವಿಜ್ಞಾನಿಗಳು ಇದ್ದರು. ಆದರೂ ಹೀಗಾಯಿತು.

ಕ್ಯಾಲಿಫೋರ್ನಿಯಾ ಕೊಲ್ಲಿ ಎಂದರೆ ಮೆಕ್ಸಿಕೋದ ಪಶ್ಚಿಮದಲ್ಲಿ ಉದ್ದಕ್ಕೆ ಒಳಚಾಚಿದ ಕಡಲು. ಅದರ ಬಡಗಿನ ತುದಿ, ಕೊಲರಾಡೋ ನದಿ ಬಂದು ಸೇರುವ ಜಾಗ, ಅಷ್ಟೇ ವಕೀಟಾದ ಲೋಕ. ಯಾವ ಕಡಲ ಸಸ್ತನಿಗೂ ಇಷ್ಟು ಚಿಕ್ಕ ವಾಸಸ್ಥಾನ ಇಲ್ಲ. ನೀರು ಕಲಕು, ಆಳ ಕಮ್ಮಿ, ಸಿಗಡಿ ಮತ್ತು ಮೀನು ಜಾಸ್ತಿ. ಒಂದು ದಡದಲ್ಲಿ ಸಾನ್ ಫೆಲಿಪೆ ಎಂಬ ಊರು, ಇನ್ನೊಂದು ದಡದಲ್ಲಿ ಸಾಂತಾ ಕ್ಲಾರಾ. ಒಂದೊಂದು ಊರು ಒಂದೊಂದು ರಾಜ್ಯಕ್ಕೆ ಸೇರಿದ್ದು, ಕಡಲು ಒಂದೇ. ಕರ್ನಾಟಕ-ಕೇರಳ ಗಡಿಯ ತಲಪಾಡಿ ಗೇಟಿನ ಎರಡೂ ಕಡೆ ಮೀನು ಹಿಡಿಯುವ ನಮಗೆ ಇದನ್ನು ಬಿಡಿಸಿ ಹೇಳುವುದು ಬೇಡ ಅಲ್ವಾ?

1950ರಲ್ಲಿ ಸಾನ್ ಫೆಲಿಪೆ ಹತ್ತಿರದ ಮರಳಿನಲ್ಲಿ ಒಂದು ತಲೆಬುರುಡೆ ಸಿಕ್ಕಿತು. 1958ರಲ್ಲಿ ಕೆನೆತ್ ನಾರಿಸ್ ಮತ್ತು ವಿಲಿಯಂ ಮೆಕ್‌ಫಾರ್ಲಂಡ್ ಎಂಬ ವಿಜ್ಞಾನಿಗಳು ಬುರುಡೆಗಳನ್ನು ನೋಡಿಯೇ ಇದು ಹೊಸ ಜೀವ ಎಂದು ಹೆಸರಿಟ್ಟರು. ಪೂರ್ತಿ ದೇಹ ಹೇಗಿರುತ್ತದೆ, ಬಣ್ಣ ಏನು ಎಂದು ಸರಿಯಾಗಿ ಬರೆದಿಡಲು ಆದದ್ದು 1980ರ ದಶಕದಲ್ಲಿ, ಬಲೆಗೆ ಸಿಕ್ಕಿ ಸತ್ತ ದೇಹಗಳು ಕೈಗೆ ಬಂದಾಗ. ಒಂದೂವರೆ ಮೀಟರ್ ಒಳಗಿನ ಉದ್ದ. ಕಣ್ಣಿನ ಸುತ್ತ ಕಾಡಿಗೆ ಹಚ್ಚಿದ ಹಾಗೆ ಕಪ್ಪು ಉಂಗುರ, ತುಟಿಗೂ ಕಪ್ಪು ಅಂಚು. ಎಂಜಿನ್ ಸದ್ದು ಕೇಳಿದರೆ ದೂರ ಸರಿಯುವ ಸ್ವಭಾವ. ಉಸಿರಿಗಾಗಿ ಮೇಲೆ ಬಂದರೂ ನೀರು ಚಿಮ್ಮುವುದಿಲ್ಲ, ಹಾರುವುದಿಲ್ಲ. ಇಡೀ ಜೀವನ ಆ ಕಡಲಿನಲ್ಲಿ ದುಡಿದವರಲ್ಲೂ ಎಷ್ಟೋ ಜನ ಅದನ್ನು ಜೀವಂತ ಕಂಡಿಲ್ಲ. ಅಂಥ ಪ್ರಾಣಿಯೇ ಇಲ್ಲ, ನಮ್ಮ ಕಸುಬು ನಿಲ್ಲಿಸಲು ಹುಟ್ಟಿಸಿದ ಕತೆ ಎಂದು ಹೇಳಿದವರೂ ಅಲ್ಲಿದ್ದರು.

ಇಲ್ಲಿ ನನಗೆ ಅನಂತಪುರದ ಬಬಿಯಾ ನೆನಪಾಗುತ್ತದೆ. ಕೆರೆಯ ನಡುವಿನ ದೇವಸ್ಥಾನದ ಆ ಮೊಸಳೆ 2022ರ ಅಕ್ಟೋಬರಿನಲ್ಲಿ ಸತ್ತಾಗ ನಮ್ಮ ಕಡೆಯ ಜನ ಸಾಲುಗಟ್ಟಿ ಬಂದು ಕೊನೆಯ ದರ್ಶನ ಪಡೆದರು. ಅತ್ತವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬಬಿಯಾಗೆ ಹೆಸರಿತ್ತು, ನೈವೇದ್ಯ ಇತ್ತು, ನೋಡಿದ ಕಣ್ಣುಗಳಿದ್ದವು. ವಕೀಟಾಗೆ ಇದು ಯಾವುದೂ ಸಿಗಲಿಲ್ಲ. ನಮ್ಮ ಕಡಲಹಂದಿಗೂ ಇಲ್ಲ.

ಈಗ ಬಲೆಯ ವಿಚಾರಕ್ಕೆ ಬರುತ್ತೇನೆ. ಪ್ರಕರಣದ ತಿರುಳು ಇರುವುದು ಇಲ್ಲೇ.

ಕಂತಬಲೆ ಹೇಗೆ ಕೆಲಸ ಮಾಡುತ್ತದೆ ಎಂದು ಕರಾವಳಿಯವರಿಗೆ ಗೊತ್ತು. ಮೇಲಂಚಿಗೆ ಬೆಂಡು, ಕೆಳಗಂಚಿಗೆ ಸೀಸದ ಗುಂಡು. ನಡುವೆ ನೀರಿನಲ್ಲಿ ಕಾಣದಷ್ಟು ತೆಳು ನೈಲಾನ್ ಗೋಡೆ. ಮೀನಿನ ತಲೆ ಬಲೆಯ ಕಣ್ಣಿನೊಳಗೆ ತೂರುತ್ತದೆ, ಮೈ ತೂರುವುದಿಲ್ಲ, ಹಿಂದೆ ಬರಲು ಹೋದರೆ ಕಿವಿರು ಸಿಕ್ಕಿಬೀಳುತ್ತದೆ. ಮೀನಿಗಾದರೋ ಉಸಿರು ನೀರಿನಲ್ಲೇ ಇದೆ. ಕಡಲಹಂದಿಗೆ ಹಾಗಲ್ಲ. ಅದು ನಮ್ಮ ಹಾಗೆ ಗಾಳಿ ಕುಡಿಯುವ, ಮರಿಗೆ ಹಾಲೂಡಿಸುವ ಪ್ರಾಣಿ. ಸದ್ದು ಬಿಟ್ಟು, ಅದರ ಮಾರ್ದನಿ ಕೇಳಿ ದಾರಿ ಕಂಡುಕೊಳ್ಳುತ್ತದೆ. ತೆಳು ನೈಲಾನಿನಿಂದ ಬರುವ ಮಾರ್ದನಿ ಬಹಳ ಕ್ಷೀಣ. ಬಲೆ ತಾಗಿದ ಮೇಲೆ ಒದ್ದಾಡುತ್ತದೆ, ಒದ್ದಾಡಿದಷ್ಟೂ ಸುತ್ತಿಕೊಳ್ಳುತ್ತದೆ. ಮೇಲೆ ಬರಲು ಆಗದಿದ್ದರೆ ಕೆಲವೇ ನಿಮಿಷ. ಮಾವ "ಉಸಿರು ಕಟ್ಟಿದೆ" ಅಂದದ್ದು ಅಕ್ಷರಶಃ ನಿಜ.

ಮೆಕ್ಸಿಕೋದ ಆ ಊರುಗಳಲ್ಲಿ ಎರಡು ಬಗೆಯ ಕಂತಬಲೆ ನಡೆಯುತ್ತಿತ್ತು. ಒಂದು ಸಿಗಡಿ ಮತ್ತು ಮಾಮೂಲಿ ಮೀನಿನದು. ಅದು ಊರಿನ ಅನ್ನ. ಇನ್ನೊಂದು ಟೊಟೊಆಬಾ ಎಂಬ ದೊಡ್ಡ ಮೀನಿನದು. ಆ ಮೀನು 2 ಮೀಟರ್‌ವರೆಗೆ ಬೆಳೆಯುತ್ತದೆ, ಸುಮಾರು 100 ಕೆಜಿ ತೂಗುತ್ತದೆ. ಅದರ ಬಲೆಯ ಕಣ್ಣು ದೊಡ್ಡದು, ವಕೀಟಾದ ತಲೆಗೆ ಅಳತೆ ತೆಗೆದ ಹಾಗೆ. ಟೊಟೊಆಬಾದ ಮಾಂಸಕ್ಕಿಂತ ಅದರ ಹೊಟ್ಟೆಯೊಳಗಿನ ಗಾಳಿಚೀಲಕ್ಕೆ ಬೆಲೆ. ಒಣಗಿಸಿ ಚೀನಾಕ್ಕೆ ಕಳಿಸಿದರೆ ಕಿಲೋಗೆ ಸಾವಿರಾರು ಡಾಲರ್. ಅದಕ್ಕೇ ಅದನ್ನು ಕಡಲಿನ ಕೊಕೇನ್ ಅನ್ನುತ್ತಾರೆ. ನಮ್ಮಲ್ಲೂ ಘೋಲ್ ಮೀನಿನ ಗಾಳಿಚೀಲಕ್ಕೆ ಹೀಗೇ ಚಿನ್ನದ ಬೆಲೆ ಇದೆ. ಒಂದು ದೊಡ್ಡ ಘೋಲ್ ಸಿಕ್ಕಿದ ದಿನ ಇಡೀ ದಕ್ಕೆಗೆ ಸುದ್ದಿ ಹಬ್ಬುತ್ತದಲ್ಲ, ಹಾಗೆ.

ಟೊಟೊಆಬಾ ಹಿಡಿಯುವುದನ್ನು ಮೆಕ್ಸಿಕೋ 1975ರಲ್ಲೇ ನಿಷೇಧಿಸಿತ್ತು. ಕಾನೂನು ಕಾಗದದಲ್ಲಿತ್ತು. ಕಳ್ಳದಂಧೆ ಒಂದಷ್ಟು ಕಾಲ ಸಣ್ಣದಾಗಿ ನಡೆಯಿತು, 2010ರ ನಂತರ ಭುಗಿಲೆದ್ದಿತು. ಆದರೆ ಎಲ್ಲ ಪಾಪವನ್ನೂ ಟೊಟೊಆಬಾ ಕಳ್ಳರ ತಲೆಗೆ ಕಟ್ಟುವುದು ಸರಿಯಲ್ಲ. 1990ರ ದಶಕದಲ್ಲಿ, ಆ ಭುಗಿಲಿಗೆ ಎಷ್ಟೋ ಮೊದಲು, ಸಾಂತಾ ಕ್ಲಾರಾ ಎಂಬ ಒಂದೇ ಬಂದರಿನ ದೋಣಿಗಳನ್ನು ಗಮನಿಸಿ ಲೆಕ್ಕ ಹಾಕಿದಾಗ ವರ್ಷಕ್ಕೆ ಸುಮಾರು 39 ವಕೀಟಾ ಬಲೆಯಲ್ಲಿ ಸಾಯುತ್ತಿದ್ದವು.

ಈ 39 ಎಂಬ ಅಂಕಿಯನ್ನು ನಾನು ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಬೋರ್ಡಿನ ಮೇಲೆ ಬರೆದುಕೊಟ್ಟೆ. ಪಕ್ಕದಲ್ಲಿ ಇನ್ನೆರಡು ಅಂಕಿ. 1997ರ ಸರ್ವೆಯಲ್ಲಿ ಅಂದಾಜಾದ ವಕೀಟಾಗಳು 567. ಇಂಥ ಜೀವಗಳ ಸಂತತಿ ಎಲ್ಲ ಅನುಕೂಲವಾದರೂ ವರ್ಷಕ್ಕೆ ಶೇಕಡ 4ರಷ್ಟು ಹೆಚ್ಚಬಹುದು, ಅಷ್ಟೇ. ಹೆಣ್ಣು ವಕೀಟಾ ಒಂದು ಸಲಕ್ಕೆ ಒಂದೇ ಮರಿ ಹಾಕುತ್ತದೆ, ಹತ್ತು ಹನ್ನೊಂದು ತಿಂಗಳು ಹೊತ್ತು. "ಲೆಕ್ಕ ಮಾಡಿ" ಅಂದೆ. ಹಿಂದಿನ ಬೆಂಚಿನ ಹುಡುಗ, ಅವನ ಅಪ್ಪನೂ ಕಡಲಿಗೆ ಹೋಗುವವರೇ, ಮೊದಲು ಕೈ ಎತ್ತಿದ. "ಟೀಚರ್, ಹೆಚ್ಚೋದು ಇಪ್ಪತ್ತಮೂರು. ಒಂದು ಬಂದರಿನಲ್ಲೇ ಸಾಯೋದು ಮೂವತ್ತೊಂಬತ್ತು. ಬೇರೆ ಬಂದರು ಸೇರಿಸೋದೇ ಬೇಡ." ಹುಡುಗ ಒಂದು ನಿಮಿಷದಲ್ಲಿ ಕಂಡ ಸತ್ಯ ಅದು. ಯಾರೂ ಬೇಟೆಯಾಡಲಿಲ್ಲ. ಯಾರೂ ಅದನ್ನು ಮಾರಲಿಲ್ಲ. ಒಂದು ದೋಣಿಗೆ ಹಲವು ವರ್ಷಕ್ಕೊಮ್ಮೆ ಒಂದು ಸಿಕ್ಕಿರಬಹುದು. ಆ ದೋಣಿಯವನಿಗೆ ಅದು ಅಪರೂಪದ ಘಟನೆ. ಎಲ್ಲ ದೋಣಿ ಸೇರಿದರೆ ಸಂತತಿಯೇ ಮುಗಿಯುವ ಲೆಕ್ಕ.

ಆಮೇಲಿನ ಅಂಕಿಗಳನ್ನು ಬೇಗ ಹೇಳಿ ಮುಗಿಸುತ್ತೇನೆ, ಓದಲು ಹಿಂಸೆಯಾಗುತ್ತದೆ. 2008ರಲ್ಲಿ 245. 2015ರಲ್ಲಿ 59ರ ಆಸುಪಾಸು. 2016ರಲ್ಲಿ 30ರ ಆಸುಪಾಸು. ನೀರಿನೊಳಗೆ ಸದ್ದು ಕೇಳುವ ಯಂತ್ರಗಳನ್ನಿಟ್ಟು ಅಳೆದಾಗ 2011ರಿಂದ 2018ರ ಒಳಗೆ ಶೇಕಡ 98ಕ್ಕಿಂತ ಹೆಚ್ಚು ಕಳೆದುಹೋಗಿದ್ದವು.

ಸರ್ಕಾರ ಸುಮ್ಮನೆ ಕೂತಿತ್ತಾ? ಇಲ್ಲ. 1993ರಲ್ಲಿ ಕೊಲ್ಲಿಯ ಆ ತುದಿಯನ್ನು ಸಂರಕ್ಷಿತ ಪ್ರದೇಶ ಮಾಡಿದರು. 2005ರಲ್ಲಿ ವಕೀಟಾಗೆಂದೇ ಒಂದು ಆಶ್ರಯ ವಲಯ. 2008ರಿಂದ ಪರ್ಮಿಟ್ ಬಿಟ್ಟುಕೊಟ್ಟವರಿಗೆ ದುಡ್ಡು, ಬಲೆ ಬದಲಿಸಿದವರಿಗೆ ದುಡ್ಡು. 2015ರ ಏಪ್ರಿಲಿನಲ್ಲಿ ಆಗಿನ ಅಧ್ಯಕ್ಷ ಎನ್ರಿಕೆ ಪೆನ್ಯಾ ನಿಯೆಟೊ ಸ್ವತಃ ಸಾನ್ ಫೆಲಿಪೆಗೆ ಬಂದು ಕಂತಬಲೆಗೆ ಎರಡು ವರ್ಷದ ನಿಷೇಧ ಘೋಷಿಸಿದರು. 2017ರಲ್ಲಿ ಅದನ್ನು ಕಾಯಂ ಮಾಡಿದರು. ನಿಷೇಧದ ಜೊತೆ ಪರಿಹಾರವೂ ಇತ್ತು. ನೌಕಾಪಡೆ ಕಾವಲಿಗೆ ನಿಂತಿತು. ಕಡಲಜೀವಿಗಳ ರಕ್ಷಣೆಗೆ ದುಡಿಯುವ ಸೀ ಶೆಪರ್ಡ್ ಸಂಸ್ಥೆಯ ಹಡಗುಗಳು ಬಂದು ಕಳ್ಳಬಲೆಗಳನ್ನು ಎಳೆದು ತೆಗೆದವು.

ಹಾಗಾದರೆ ಎಡವಿದ್ದು ಎಲ್ಲಿ? ನನ್ನ ಓದಿನಲ್ಲಿ ಉತ್ತರ ಪರಿಹಾರದ ಪಟ್ಟಿಯಲ್ಲಿದೆ. ದುಡ್ಡು ಹೋದದ್ದು ಮುಖ್ಯವಾಗಿ ಪರ್ಮಿಟ್ ಹೆಸರಿನಲ್ಲಿದ್ದವರಿಗೆ, ದೋಣಿ ಮಾಲಿಕರಿಗೆ. ದೋಣಿಯಲ್ಲಿ ಕೂತು ಬಲೆ ಎಳೆಯುವವರಲ್ಲಿ ಎಷ್ಟೋ ಜನಕ್ಕೆ ಸಿಕ್ಕಿದ್ದು ಚಿಲ್ಲರೆ, ಕೆಲವರಿಗೆ ಏನೂ ಇಲ್ಲ. ಇದು ನಮಗೆ ಹೊಸ ಸುದ್ದಿಯಾ? ನಮ್ಮಲ್ಲಿ ಒಂದು ದೋಣಿಯ ದುಡಿಮೆ ಪಾಲಿನ ಲೆಕ್ಕದಲ್ಲಿ ಹಂಚಿಹೋಗುತ್ತದೆ. ಎಂಜಿನ್ನಿಗೊಂದು ಪಾಲು, ಬಲೆಗೊಂದು ಪಾಲು, ಉಳಿದದ್ದು ಆಳುಗಳಿಗೆ. ದೋಣಿ ನಿಂತರೆ ಮಾಲಿಕನಿಗೆ ಪರಿಹಾರ ಬರಬಹುದು. ಪಾಲಿನ ಮೇಲೆ ಬದುಕುವವನ ಹೆಸರು ಯಾವ ದಾಖಲೆಯಲ್ಲಿದೆ? ಅವನ ಮನೆಯ ಒಲೆ ಆರಿದ ಹೊತ್ತಿಗೆ ಒಬ್ಬ ಬಂದು "ರಾತ್ರಿ ಒಂದು ಬಲೆ ಬಿಡು, ಗಾಳಿಚೀಲಕ್ಕೆ ಇಷ್ಟು ಕೊಡುತ್ತೇನೆ" ಅಂದರೆ? 2018ರ ಕೊನೆಗೆ ಆ ಪರಿಹಾರವೂ ನಿಂತುಹೋಯಿತು. ನಿಷೇಧ ಮಾತ್ರ ಉಳಿಯಿತು.

ಬೇರೆ ಬಲೆ ಇತ್ತು ನೋಡಿ. ಸಿಗಡಿಗೆಂದು ಹಗುರವಾದ ಸಣ್ಣ ಟ್ರಾಲ್ ಬಲೆಯೊಂದನ್ನು ತಯಾರಿಸಿ ಪರೀಕ್ಷೆ ಮಾಡಿದ್ದರು. ವಕೀಟಾಗೆ ಅದರಿಂದ ಅಪಾಯ ಇಲ್ಲ. ಆದರೆ ಎಳೆಯಲು ಡೀಸೆಲ್ ಜಾಸ್ತಿ ಬೇಕು, ಸಿಗಡಿ ಕಮ್ಮಿ ಬೀಳುತ್ತದೆ, ಕೈ ಪಳಗಲು ಕಾಲ ಬೇಕು. ಆ ನಷ್ಟ ತುಂಬಿಕೊಡುವವರು ಬೇಕಿತ್ತು, ಪರ್ಮಿಟ್ ಹೊತ್ತಿಗೆ ಸರಿಯಾಗಿ ಬರಬೇಕಿತ್ತು. ಬಲೆ ಬದಲಿಸಲು ಮನಸ್ಸು ಮಾಡಿ ಮುಂದೆ ಬಂದ ಮೀನುಗಾರರೂ ಅಲ್ಲಿದ್ದರು. ಅವರು ಕಚೇರಿಗಳ ಮುಂದೆ ಪರ್ಮಿಟ್ಟಿಗೆ ಕಾದರು. ಪಕ್ಕದ ದೋಣಿ ಹಳೆಯ ಬಲೆಯಲ್ಲೇ ದುಡಿಯಿತು. ಇಡೀ ಪ್ರಕರಣದಲ್ಲಿ ನನ್ನ ಹೊಟ್ಟೆ ಉರಿದದ್ದು ಇದನ್ನು ಓದಿದಾಗ. ಒಳ್ಳೆಯದಕ್ಕೆ ಮೊದಲು ಕೈ ಎತ್ತಿದವನೇ ಮೊದಲು ಸೋತ.

2017ರ ಶರತ್ಕಾಲದಲ್ಲಿ ಕೊನೆಯ ಪ್ರಯತ್ನವೆಂಬಂತೆ ಇನ್ನೊಂದು ನಡೆಯಿತು. ಉಳಿದಿರುವ ವಕೀಟಾಗಳನ್ನು ಹಿಡಿದು, ಕಡಲಿನಲ್ಲೇ ಕಟ್ಟಿದ ತೇಲುವ ಆವರಣದಲ್ಲಿ ಇಟ್ಟು ಕಾಪಾಡುವ ಯೋಜನೆ. ಹಲವು ದೇಶಗಳ ಪಶುವೈದ್ಯರು ಬಂದರು. ಹುಡುಕಿಕೊಡಲು ಅಮೆರಿಕದ ನೌಕಾಪಡೆ ಪಳಗಿಸಿದ ಡಾಲ್ಫಿನ್‌ಗಳೂ ಬಂದವು. ಅಕ್ಟೋಬರಿನಲ್ಲಿ ಒಂದು ಎಳೆಯ ವಕೀಟಾ ಸಿಕ್ಕಿತು. ಅದು ಗಾಬರಿಯಾದದ್ದನ್ನು ಕಂಡು ಅವತ್ತೇ ಬಿಟ್ಟರು. ನವೆಂಬರ್ 4ರಂದು ಒಂದು ದೊಡ್ಡ ಹೆಣ್ಣು ಸಿಕ್ಕಿತು. ಮೊದಲಿಗೆ ಸುಮ್ಮನಿತ್ತು. ಆವರಣಕ್ಕೆ ಬಿಟ್ಟ ಮೇಲೆ ಬಲೆಯ ಗೋಡೆಗೆ ನುಗ್ಗತೊಡಗಿತು, ಆಮೇಲೆ ಸೋತು ನಿಂತಿತು. ಬಿಡುಗಡೆ ಮಾಡಲು ಹೋದರೆ ಉಸಿರೇ ನಿಂತಿತು. ವೈದ್ಯರು ಸುಮಾರು ಮೂರು ಗಂಟೆ ಅದರ ಹೃದಯ ಒತ್ತಿ ಉಳಿಸಲು ನೋಡಿದರು. ಉಳಿಯಲಿಲ್ಲ. ಮರಿ ಹಾಕುವ ವಯಸ್ಸಿನ ಹೆಣ್ಣು ಅದು. ಯೋಜನೆಯನ್ನು ಅಲ್ಲಿಗೇ ನಿಲ್ಲಿಸಿದರು. ಆ ವೈದ್ಯರ ಮೇಲೆ ನನಗೆ ಸಿಟ್ಟಿಲ್ಲ. ಅವರು ಕಡಲಿಗೆ ಇಳಿದದ್ದು ಬೇರೆ ದಾರಿಗಳೆಲ್ಲ ಮುಚ್ಚಿದ ಮೇಲೆ. ಒಂದು ಮಾತು ಮಾತ್ರ ಅಲ್ಲಿ ಗಟ್ಟಿಯಾಯಿತು. ಹುಲಿಯ ಹಾಗೆ, ಮೊಸಳೆಯ ಹಾಗೆ ಇದನ್ನು ಸಾಕಿ ಉಳಿಸಲು ಆಗುವುದಿಲ್ಲ. ಉಳಿದರೆ ಅದರ ಕಡಲಿನಲ್ಲೇ ಉಳಿಯಬೇಕು, ಬಲೆ ಇಲ್ಲದ ನೀರಿನಲ್ಲಿ.

2020ರಲ್ಲಿ 225 ಚದರ ಕಿಲೋಮೀಟರಿನ ಒಂದು ಚೌಕ ಗುರುತಿಸಿ, ಇದರೊಳಗೆ ಯಾವ ದೋಣಿಯೂ ಕೂಡದು ಎಂದರು. ಮರುವರ್ಷವೇ ಆ ನಿಯಮ ಸಡಿಲವಾಯಿತು. ಒಳಗೆ ಎಷ್ಟು ದೋಣಿ ಇವೆ ಎಂದು ನೋಡಿ, ಅದಕ್ಕೆ ತಕ್ಕಷ್ಟು ಕಾವಲು ಕಳಿಸುವುದು ಎಂದು ಬದಲಿಸಿದರು. ಸರಿಯಾಗಿ ಫಲ ಕೊಟ್ಟದ್ದು 2022ರಲ್ಲಿ ಮಾಡಿದ ಒಂದು ಸಾದಾ ಕೆಲಸ. ನೌಕಾಪಡೆ ಆ ಚೌಕದ ತಳಕ್ಕೆ 193 ಕಾಂಕ್ರೀಟ್ ದಿಮ್ಮಿಗಳನ್ನು ಇಳಿಸಿತು, ಪ್ರತಿಯೊಂದಕ್ಕೂ ಕಬ್ಬಿಣದ ಕೊಕ್ಕೆ. ಬಲೆ ಬಿಟ್ಟರೆ ಕೊಕ್ಕೆಗೆ ಸಿಕ್ಕಿ ಹರಿಯುತ್ತದೆ. ಬಲೆ ಹರಿದರೆ ಎಷ್ಟು ಸಾವಿರ ಹೋಯಿತು ಎಂದು ಮೀನುಗಾರನಿಗೆ ಯಾರೂ ಹೇಳಿಕೊಡಬೇಕಿಲ್ಲ. ಚೌಕದ ಒಳಗೆ ಬಲೆ ಬಿಡುವುದು ಶೇಕಡ 90ಕ್ಕಿಂತ ಜಾಸ್ತಿ ಇಳಿಯಿತು. ಚೌಕದ ಹೊರಗೆ ಬಲೆ ನಡೆದೇ ಇತ್ತು. ವಕೀಟಾಗೆ ಗೆರೆ ಎಲ್ಲಿದೆ ಎಂದು ಗೊತ್ತಾಗುವುದಿಲ್ಲವಲ್ಲ.

2023ರ ಹುಡುಕಾಟದಲ್ಲಿ 10ರಿಂದ 13 ವಕೀಟಾ ಇರಬಹುದು ಎಂದು ಅಂದಾಜಾಯಿತು. ಮರಿಯೂ ಕಂಡಿತು. 2024ರಲ್ಲಿ ಕಣ್ಣಿಗೆ ಬಿದ್ದವು 6ರಿಂದ 8.

ಇಷ್ಟು ಕಮ್ಮಿ ಆದ ಮೇಲೆ ರಕ್ತಸಂಬಂಧದೊಳಗೇ ಮರಿಯಾಗಿ ಹೇಗೂ ಮುಗಿಯುತ್ತದೆ, ಇನ್ನು ಯಾಕೆ ಖರ್ಚು ಎಂದು ಹೇಳುವವರಿಗೆ 2022ರಲ್ಲಿ ಒಳ್ಳೆಯ ಉತ್ತರ ಬಂತು. ವಿಜ್ಞಾನಿಗಳು 20 ವಕೀಟಾಗಳ ವಂಶವಾಹಿಯನ್ನು ಪೂರ್ತಿ ಓದಿದರು. ಈ ಪ್ರಾಣಿ ಲಕ್ಷಾಂತರ ವರ್ಷಗಳಿಂದಲೂ ಸಣ್ಣ ಸಂಖ್ಯೆಯಲ್ಲೇ ಬದುಕಿದೆ, ಹಾಗಾಗಿ ಕೆಟ್ಟ ಗುಣಗಳು ಎಷ್ಟೋ ಮೊದಲೇ ಉದುರಿಹೋಗಿವೆ ಎಂದು ಗೊತ್ತಾಯಿತು. ಬಲೆಯ ಸಾವು ಪೂರ್ತಿ ನಿಂತರೆ ಮುಂದಿನ ಐವತ್ತು ವರ್ಷದಲ್ಲಿ ಅಳಿಯುವ ಸಾಧ್ಯತೆ ಶೇಕಡ 6 ಮಾತ್ರ. ಸಾವು ಶೇಕಡ 90 ಕಮ್ಮಿಯಾದರೆ ಅಳಿವಿನ ಸಾಧ್ಯತೆ 27ಕ್ಕೆ ಏರುತ್ತದೆ. ಶೇಕಡ 80 ಮಾತ್ರ ಕಮ್ಮಿಯಾದರೆ 62. ಈ ಮೂರು ಅಂಕಿಗಳನ್ನು ಕಾಗದದಲ್ಲಿ ಬರೆದು ನನ್ನ ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದೇನೆ. ಪ್ರಾಣಿಯ ಮೈಯಲ್ಲಿ ಬದುಕುವ ಶಕ್ತಿ ಇನ್ನೂ ಇದೆ. ಅದಕ್ಕೆ ಬೇಕಾದದ್ದು ಉಸಿರಾಡಲು ತೆರೆದ ನೀರು.

ಮಾಡಿದರೆ ಆಗುತ್ತದೆ ಎನ್ನಲು ಅದೇ ಕುಟುಂಬದ ಇನ್ನೊಂದು ಸಾಕ್ಷಿ ಚೀನಾದಲ್ಲಿದೆ. ಯಾಂಗ್‌ಟ್ಸೆ ನದಿಯಲ್ಲಿ ರೆಕ್ಕೆ ಇಲ್ಲದ ಕಡಲಹಂದಿಯ ಒಳನಾಡಿನ ನೆಂಟರಿದ್ದಾರೆ. 2017ರಲ್ಲಿ ಅವು 1,012 ಇದ್ದವು. 2021ರ ಜನವರಿಯಿಂದ ನದಿಯಲ್ಲಿ ಹತ್ತು ವರ್ಷ ಮೀನುಗಾರಿಕೆ ಬಂದ್ ಮಾಡಿದರು. 2 ಲಕ್ಷಕ್ಕೂ ಹೆಚ್ಚು ಮೀನುಗಾರರು ದಡ ಸೇರಿದರು. ಅವರಿಗೆ ಪರಿಹಾರ, ಪಿಂಚಣಿ ಸೌಲಭ್ಯ, ಬೇರೆ ಕೆಲಸದ ತರಬೇತಿ ಕೊಟ್ಟರು. ಕೆಲವರು ಅದೇ ನದಿಯ ಕಾವಲುಗಾರರಾದರು. 2022ರ ಎಣಿಕೆಯಲ್ಲಿ 1,249. ಅಲ್ಲಿಯ ಆಡಳಿತವೇ ಬೇರೆ, ನಮ್ಮಲ್ಲಿ ಹಾಗೆ ಒಂದೇ ಆಜ್ಞೆಗೆ ಕಡಲು ಮುಚ್ಚಲು ಆಗದು, ಆಗಲೂ ಬಾರದು. ಆದರೆ ಬಲೆ ನಿಲ್ಲಿಸಿದವರ ಹೊಟ್ಟೆಪಾಡನ್ನು ಲೆಕ್ಕಕ್ಕೆ ತಂದರು ಎನ್ನುವುದನ್ನು ಗಮನಿಸಬೇಕು. ಅದೇ ನದಿಯ ಬೈಜಿ ಎಂಬ ಡಾಲ್ಫಿನ್‌ಗೆ ಈ ಭಾಗ್ಯ ಬರಲಿಲ್ಲ. 2006ರಲ್ಲಿ ಇಡೀ ನದಿ ಹುಡುಕಿದರೂ ಒಂದೂ ಸಿಗಲಿಲ್ಲ.

ಈಗ ನಮ್ಮ ಕಡಲು. ಮಂಜೇಶ್ವರದಿಂದ ತೆಂಕಕ್ಕೆ, ಶಿರಿಯ, ಮೊಗ್ರಾಲ್, ಚಂದ್ರಗಿರಿ ಹೊಳೆಗಳು ಸೇರುವಲ್ಲಿ ದಡದ ಹತ್ತಿರವೇ ಎರಡು ಜೀವಗಳಿವೆ. ಒಂದು ನಾನು ಬಲೆಯಲ್ಲಿ ನೋಡಿದ ರೆಕ್ಕೆ ಇಲ್ಲದ ಕಡಲಹಂದಿ. ಇನ್ನೊಂದು ಬೆನ್ನಲ್ಲಿ ಗೂನು, ಗೂನಿನ ಮೇಲೆ ಪುಟ್ಟ ರೆಕ್ಕೆ ಇರುವ ಗೂನುಬೆನ್ನಿನ ಡಾಲ್ಫಿನ್. ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಎರಡನೆಯದು ಅಳಿವಿನಂಚಿನದು, ಮೊದಲನೆಯದು ಅದರ ಹಿಂದಿನ ಮೆಟ್ಟಿಲಿನಲ್ಲಿದೆ. ಗೂನುಬೆನ್ನಿನ ಡಾಲ್ಫಿನ್ ಆಳ ಕಡಲಿಗೆ ಹೋಗುವುದೇ ಕಮ್ಮಿ. ಸುಮಾರು 25 ಮೀಟರ್ ಆಳದ ಒಳಗೆ, ಅಳಿವೆಗಳ ಬಾಯಲ್ಲಿ ಅದರ ಬದುಕು. ನಾಡದೋಣಿಯ ಕಂತಬಲೆ ಬೀಳುವುದೂ ಅಲ್ಲಿಯೇ. ಮೂರು ವರ್ಷಕ್ಕೊಂದು ಮರಿ ಹಾಕುವ ಪ್ರಾಣಿಗೆ ಒಂದೊಂದು ಬಲೆಯೂ ಲೆಕ್ಕಕ್ಕೆ ಬರುತ್ತದೆ.

ಬೇಸಾಯಕ್ಕೆ ರಜೆ ಇರುವ ಹಾಗೆ ಕಡಲಿಗೂ ರಜೆ ಇದೆ. ತಲಪಾಡಿಯಿಂದ ಆಚೆ ಕರ್ನಾಟಕದಲ್ಲಿ ಜೂನ್ 1ರಿಂದ 61 ದಿನ, ಈಚೆ ಕೇರಳದಲ್ಲಿ ಜೂನ್ 9ರ ನಡುರಾತ್ರಿಯಿಂದ 52 ದಿನ ಟ್ರಾಲ್ ಬೋಟು ಇಳಿಯುವುದಿಲ್ಲ. ಆ ರಜೆ ಮೀನಿನ ಮೊಟ್ಟೆ ಮರಿಗೆ. ಕಡಲಹಂದಿಗೆ ಅಪಾಯ ತರುವ ಸಣ್ಣ ಬಲೆ ಅದರ ಲೆಕ್ಕಕ್ಕೆ ಬರುವುದೇ ಇಲ್ಲ. ಬಾರದಿರುವುದು ನ್ಯಾಯವೇ, ಮಳೆಗಾಲದಲ್ಲಿ ನಾಡದೋಣಿಯವರಿಗೆ ಬೇರೆ ಏನಿದೆ? ಬೂತಾಯಿ ಮೀನು ಒಂದು ಕಾಲಕ್ಕೆ ಕೇರಳದಲ್ಲಿ ವರ್ಷಕ್ಕೆ 3.9 ಲಕ್ಷ ಟನ್ ಸಿಕ್ಕಿತ್ತು, 2012ರಲ್ಲಿ. 2021ರಲ್ಲಿ ಸಿಕ್ಕಿದ್ದು 3,297 ಟನ್. ಇಂಥ ಏರಿಳಿತದಲ್ಲಿ ಬದುಕುವವರಿಗೆ ಬಲೆ ಬಿಡಬೇಡಿ ಎಂದು ಹೇಳುವ ಮುಖ ನನಗಿಲ್ಲ.

ನಾನು ಕೇಳುವುದು ಸಣ್ಣದು, ವಕೀಟಾ ಪ್ರಕರಣ ಓದಿದ ಮೇಲೆ ಬೇರೆ ಏನೂ ತೋಚುವುದಿಲ್ಲ. ಬಲೆಗೆ ಸಿಕ್ಕಿ ಸತ್ತದ್ದನ್ನು ಹೇಳಿದವನ ಮೇಲೆ ಕೇಸು ಬೀಳದು ಎಂಬ ಭರವಸೆ ಮೊದಲು ಸಿಗಲಿ. ಹೆದರಿಕೆ ಇರುವ ತನಕ ದೇಹಗಳು ಕತ್ತಲಲ್ಲಿ ಕಡಲಿಗೆ ಬೀಳುತ್ತವೆ, ಎಣಿಕೆಗೆ ಏನೂ ಉಳಿಯುವುದಿಲ್ಲ. ಎಲ್ಲಿ, ಯಾವ ತಿಂಗಳಲ್ಲಿ, ಎಷ್ಟು ಆಳದಲ್ಲಿ ಸಿಗುತ್ತದೆ ಎಂದು ಗೊತ್ತಾದರೆ ಆ ಜಾಗಕ್ಕೆ, ಆ ತಿಂಗಳಿಗೆ ಮಾತ್ರ ಬಲೆ ಸರಿಸಬಹುದು. ಸರಿಸಿದ ದಿನಗಳ ನಷ್ಟ ಮಾಲಿಕನ ಖಾತೆಗೆ ಮಾತ್ರ ಹೋಗದೆ ಪಾಲಿನವನ ಕೈಗೂ ಬರಬೇಕು. ಜೀವಂತ ಸಿಕ್ಕಿದ್ದನ್ನು ಬಿಡಲು ಬಲೆ ಕುಯ್ದವನಿಗೆ ಬಲೆಯ ಬೆಲೆ ಸಿಗಬೇಕು. ಕೆಂಪುಕೋಟೆಯಿಂದ 2020ರ ಆಗಸ್ಟ್ 15ರಂದು ಘೋಷಣೆಯಾದ ಡಾಲ್ಫಿನ್ ಯೋಜನೆ ನದಿಯ ಜೊತೆ ಕಡಲಿನ ಡಾಲ್ಫಿನ್‌ಗೂ ಸೇರಿದ್ದು. ಈ ಸಣ್ಣ ಖರ್ಚಿಗೆ ಅದರಲ್ಲಿ ಜಾಗ ಇರಬೇಕು. ಚಂದ್ರಗಿರಿಯ ಭೀಮನಾಮೆಯನ್ನು 2023ರಲ್ಲಿ ಕಾಸರಗೋಡು ತನ್ನ ಜಿಲ್ಲೆಯ ಪ್ರಾಣಿ ಎಂದು ಸಾರಿಕೊಂಡಿದೆ. ಅದು ಬಲೆಗೆ ಸಿಕ್ಕಿದರೆ ಬಿಡುವ ಊರಿನವರು ಹೊಳೆಯ ಮೇಲ್ದಂಡೆಯಲ್ಲಿದ್ದಾರೆ. ಹೊಳೆಗೆ ಆದದ್ದು ಅಳಿವೆಗೆ ಆಗದೇ?

ಇದನ್ನೆಲ್ಲ ಮಾವನಿಗೆ ಹೇಳಿದ್ದು ಒಂದು ಸಂಜೆ, ಅವರು ಹರಿದ ಬಲೆಯ ಕಣ್ಣು ಕಟ್ಟುತ್ತಾ ಕೂತಿದ್ದಾಗ. 567ರಿಂದ ಶುರು ಮಾಡಿದೆ. ಅವರು ನಡುವೆ ಮಾತಾಡಲಿಲ್ಲ. ಎಂಟಕ್ಕೆ ಬಂದಾಗ ತಲೆ ಎತ್ತಿದರು.

"ಎಂಟು ಅಂದ್ರೆ ನಮ್ಮ ಎರಡು ದೋಣಿಯ ಜನ."

ಆಮೇಲೆ ಕೇಳಿದರು, "ನಾನು ಬರೆದಿಟ್ಟರೆ ನಿನಗೆ ಉಪಯೋಗ ಉಂಟಾ? ಹೆಸರು ಬೇಡ."

ಉಂಟು ಅಂದೆ. ಅವರ ಮನೆಯ ಗೋಡೆಯಲ್ಲಿ ಒಂದು ಕ್ಯಾಲೆಂಡರ್ ಇದೆ. ದಿನದ ಮೀನು, ಡೀಸೆಲ್ ಲೆಕ್ಕ ಅದರ ಚೌಕಗಳಲ್ಲೇ ಬರೆಯುತ್ತಾರೆ. ಅವತ್ತಿನಿಂದ ಕಡಲಹಂದಿ ಜೀವಂತ ಕಂಡ ದಿನಕ್ಕೆ ಒಂದು ಸೊನ್ನೆ, ಬಲೆಯಲ್ಲಿ ಸತ್ತು ಸಿಕ್ಕಿದ ದಿನಕ್ಕೆ ಒಂದು ಗೀಟು. ಜನವರಿಯ ಹಾಳೆಯಲ್ಲಿ ಏಳು ಸೊನ್ನೆ, ಒಂದು ಗೀಟು. ಗೀಟಿನ ಪಕ್ಕ ಪೆನ್ಸಿಲಿನಲ್ಲಿ ಸಣ್ಣಕ್ಷರ: ಅಳಿವೆಯಿಂದ ಬಡಗು, ಆರು ಮಾರು ನೀರು, ರಾತ್ರಿ ಬಿಟ್ಟ ಬಲೆ, ಹೆಣ್ಣು.